ಖಾಲಿ ಖಾನೆಗೂ ಬೀಗ

ಸೋಮವಾರದಿಂದ ಅಕ್ಕನ ಕೈಗೆ ಬಸ್ಸು ಕೊಟ್ಟಿರಲಿಲ್ಲ. ಯಾಕೆ ಎಂದೂ ಹೇಳಿರಲಿಲ್ಲ. ಬೆಳಿಗ್ಗೆ ಡಿಪೋಗೆ ಹೋಗಿ ಹಾಜರಿ ಹಾಕುವುದು, ಡ್ರೈವರುಗಳ ಕೋಣೆಯ ಉದ್ದನೆಯ ಬೆಂಚಿನ ಮೇಲೆ ಸಂಜೆಯ ತನಕ ಗೋಡೆ ನೋಡುವುದು, ಎದ್ದು ಮನೆಗೆ ಬರುವುದು, ಇಷ್ಟೇ ಅವಳ ಡ್ಯೂಟಿ. ಒಂಬತ್ತು ವರ್ಷ ಹದಿನಾಲ್ಕನೇ ನಂಬರ್ ಬಸ್ಸು ಓಡಿಸಿದವಳು ಈಗ ಅದೇ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಬರುತ್ತಿದ್ದಳು. ಇನ್ನೊಬ್ಬರು ಗೇರ್ ಹಾಕುವ ಸದ್ದು ಕೇಳಿದರೆ ಯಾರೋ ತನ್ನ ಜಡೆ ಹಿಡಿದು ಎಳೆದ ಹಾಗಾಗುತ್ತದಂತೆ.

“ಯಾರೋ ಚಾಡಿ ಹೇಳಿದಾರೆ,” ಎಂದಳು ಅಮ್ಮ, ಹೊಲಿಗೆ ಮಷೀನಿನಿಂದ ಕಣ್ಣೆತ್ತದೆ. ಊರವರ ಪ್ಯಾಂಟುಗಳ ಉದ್ದ ಕಡಿಮೆ ಮಾಡಿಕೊಡುವುದು ಅಮ್ಮನ ಕೆಲಸ. ಊರವರ ಮೇಲೆ ಅನುಮಾನ ಪಡುವುದು ಹವ್ಯಾಸ. “ಇಲ್ಲಾಂದ್ರೆ ನೆಟ್ಟಗೆ ಓಡಿಸೋಳನ್ನ ಹಿಡಿದು ಸುಮ್ನೆ ಕೂರಿಸ್ತಾರಾ?”

“ವಿಲನ್ ಯಾರು ಅಂತ ನಂಗೊತ್ತು,” ಎಂದೆ ನಾನು. “ಫಸ್ಟ್ ಸೀನಲ್ಲಿ ಯಾರು ಜಾಸ್ತಿ ಹಲ್ಲು ಕಿರೀತಾರೋ ಅವರೇ. ನಿಮ್ಮ ಡಿಪೋದಲ್ಲಿ ಹಾರ್ನ್ ಅಣ್ಣ ಇದಾನಲ್ಲ?”

“ನಿನ್ನ ಬಾಯಿಗೊಂದು ಇಂಟರ್‌ವಲ್ ಕೊಡೇ,” ಎಂದಳು ಅಕ್ಕ.

ಹಾರ್ನ್ ಅಣ್ಣ ಅಕ್ಕನ ಜೊತೆಯಲ್ಲೇ ಕೆಲಸಕ್ಕೆ ಸೇರಿದ ಡ್ರೈವರ್. ಖಾಲಿ ರಸ್ತೆಯಲ್ಲೂ ಹಾರ್ನ್ ಹೊಡೆಯುತ್ತಾನೆಂದು ಆ ಹೆಸರು. ಹದಿನಾಲ್ಕನೇ ನಂಬರಿನ ಕೊನೆಯ ನಿಲ್ದಾಣ ಅವನ ಮನೆಯ ಎದುರಿಗೇ ಇದ್ದುದರಿಂದ ಆ ಬಸ್ಸಿನ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು. ಸೋಮವಾರದಿಂದ ಅದನ್ನು ಓಡಿಸುತ್ತಿದ್ದವನೂ ಅವನೇ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಮಂಗಳವಾರ ಬೆಳಿಗ್ಗೆ ನಾನು ಬೇಕೆಂದೇ ಅವನ ಬಸ್ಸು ಹತ್ತಿ, ಅವನ ಹಿಂದೆ ನಿಂತು, ಕುತ್ತಿಗೆಯನ್ನೇ ದಿಟ್ಟಿಸಿದೆ. ನಾಲ್ಕನೇ ನಿಲ್ದಾಣಕ್ಕೆ ಬರುವಷ್ಟರಲ್ಲಿ ಅವನು ಕುತ್ತಿಗೆ ಒರೆಸಿಕೊಂಡ. ಬೆವರು! ತಪ್ಪಿತಸ್ಥ! ಬಿಸಿಲೂ ಇತ್ತು ಎನ್ನುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬುಧವಾರ ಸಂಜೆ ಅಕ್ಕ ನಾಲ್ಕು ಮಡಿಕೆಯ ಒಂದು ಕಾಗದವನ್ನು ಊಟದ ಮೇಜಿನ ಮೇಲೆ ಬಿಡಿಸಿದಳು.

“ಕೊನೆಗೂ ಕೊಟ್ರು. ನೀನು ಇದೇ ಕೆಲಸ ಅಲ್ವಾ ಮಾಡೋದು? ಓದಿ ಹೇಳು, ಹಾಗಂದ್ರೇನು?”

ಡಿಪೋ ಡಾಕ್ಟರ ಸಹಿಯಿದ್ದ ಎರಡೇ ವಾಕ್ಯ. ‘ಸದರಿ ಚಾಲಕರ ಮನಸ್ಸಿನ ಚಿಕಿತ್ಸೆ ಖಾನೆಯನ್ನು ರೋಗಿಯ ಇಚ್ಛೆಯಂತೆ ಮುಚ್ಚಲಾಗಿದೆ ಎಂಬ ಸೂಚನೆ ಬಂದಿರುತ್ತದೆ. ಸ್ಪಷ್ಟನೆ ದೊರೆಯುವವರೆಗೆ ವಾಹನ ನೀಡತಕ್ಕದ್ದಲ್ಲ.’

ಎರಡನೆಯ ವಾಕ್ಯ ಡಾಕ್ಟರದು. ಮೊದಲನೆಯದು ಹುಟ್ಟಿದ್ದು ನಮ್ಮ ಆಫೀಸಿನಲ್ಲಿ.

ನಮ್ಮ ಆಫೀಸು ಒಂದು ಹಾಸಿಗೆ ಅಂಗಡಿಯ ಮೇಲಿನ ಮಹಡಿ. ಅಲ್ಲಿ ಹನ್ನೊಂದು ಜನ ಕೂತು ಎರಡು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದೇವೆ. ಒಬ್ಬ ರೋಗಿ ‘ನನ್ನ ವಿಷಯ ಇವರು ನೋಡಬಹುದು, ಅವರು ನೋಡಬಾರದು’ ಎಂದು ಹೇಳಿದರೆ ಆ ಮಾತನ್ನು ಪ್ರತಿಯೊಂದು ಆಸ್ಪತ್ರೆಯೂ ತನಗೆ ತೋಚಿದ ಹಾಗೆ ಬರೆದುಕೊಳ್ಳುತ್ತದೆ. ಒಬ್ಬರ ಬರಹ ಇನ್ನೊಬ್ಬರ ಕಂಪ್ಯೂಟರಿಗೆ ಅರ್ಥವಾಗುವುದಿಲ್ಲ. ಅದನ್ನು ಎಲ್ಲರೂ ಒಂದೇ ರೀತಿ ಬರೆಯುವಂತೆ ನಿಯಮ ಮಾಡುವುದು ನಮ್ಮ ಕೆಲಸ. ಯಾರ ವಿಷಯ, ಯಾರು ನೋಡಬಹುದು, ಯಾವುದಕ್ಕೆ, ಎಲ್ಲಿಯವರೆಗೆ. ಆರೋಗ್ಯದ ವಿಷಯಗಳನ್ನೆಲ್ಲ ಖಾನೆಗಳಾಗಿ ಹಂಚಿದ್ದೇವೆ. ಹಲ್ಲಿನದು, ಕಣ್ಣಿನದು, ಹೆರಿಗೆಯದು, ಮನಸ್ಸಿನದು, ಹೀಗೆ. ಬೇಡವಾದ ಖಾನೆಯನ್ನು ರೋಗಿ ತನ್ನ ಫೋನಿನಲ್ಲೇ ಮುಚ್ಚಬಹುದು, ಬೇಕೆಂದಾಗ ತೆರೆಯಬಹುದು. ಮುಚ್ಚಿದ ಕೂಡಲೇ ಆ ರೋಗಿ ಹೋಗಿಬರುವ ಆಸ್ಪತ್ರೆಗಳಿಗೆಲ್ಲ, ಡಾಕ್ಟರುಗಳಿಗೆಲ್ಲ ಒಂದು ಸೂಚನೆ ಹೋಗುತ್ತದೆ. ಅದೇ ಆ ಮೊದಲ ವಾಕ್ಯ.

“ನೀನು ಒಂದು ಖಾನೆ ಮುಚ್ಚಿಸಿದೀಯ ಅಂತ ಅರ್ಥ,” ಎಂದೆ.

“ನಾನಾ? ನಾನು ಯಾವ ಖಾನೇನೂ ಮುಚ್ಚಿಲ್ಲ, ತೆಗೆದಿಲ್ಲ. ಅದು ಎಲ್ಲಿರತ್ತೆ ಅಂತಾನೇ ಗೊತ್ತಿಲ್ಲ.”

“ನಿಜ ಹೇಳು.”

“ಇದೇನೇ, ಪೊಲೀಸ್ ಸ್ಟೇಷನ್ ಸೀನಾ? ದೀಪ ನನ್ನ ಮುಖಕ್ಕೆ ತಿರುಗಿಸು ಹಂಗಾದ್ರೆ.”

ಅಕ್ಕ ನಕ್ಕಳು. ಆದರೆ ಕಾಗದವನ್ನು ಮಡಿಚುವಾಗ ಮೊದಲಿನ ಮಡಿಕೆಗಳು ಸಿಗದೆ ಎರಡು ಸಲ ಬಿಡಿಸಿ ಮಡಿಚಿದಳು. ನಾನು ಅದನ್ನು ನೋಡಿದೆ. ಅನುಮಾನ ಎನ್ನುವುದು ಹೀಗೆಯೇ, ಒಂದು ಸಲ ಒಳಗೆ ಬಂದರೆ ಚಪ್ಪಲಿ ಬಿಚ್ಚಿಟ್ಟು, ಕಾಲು ಚಾಚಿ ಕೂತುಬಿಡುತ್ತದೆ. ಪ್ರತಿ ಮಂಗಳವಾರ ಅಕ್ಕ ಎರಡು ಗಂಟೆ ತಡವಾಗಿ ಮನೆಗೆ ಬರುತ್ತಿದ್ದಳು. ಕೇಳಿದರೆ “ನಡ್ಕೊಂಡ್ ಬಂದೆ” ಎನ್ನುತ್ತಿದ್ದಳು. ವರ್ಷಗಟ್ಟಲೆ ಅದು ನನಗೆ ಬರೀ ಮಂಗಳವಾರವಾಗಿತ್ತು. ಈಗ ಅದಕ್ಕೊಂದು ಹಿನ್ನೆಲೆ ಸಂಗೀತ ಬಂತು. ನಿನ್ನೆಯೂ ಮಂಗಳವಾರ. ಇಡೀ ದಿನ ಬೆಂಚಿನ ಮೇಲೆ ಕೂತು ಬೇಸತ್ತವಳು ನಿನ್ನೆಯೂ ತಡವಾಗಿಯೇ ಬಂದಿದ್ದಳು.

ಅಕ್ಕ ಸ್ನಾನಕ್ಕೆ ಹೋದಾಗ ಅವಳ ಚೀಲ ಹುಡುಕಿದೆ. ಬಾಚಣಿಗೆ, ಒಂದು ಜೊತೆ ಕೈಗವಸು, ನೀರಿನ ಬಾಟಲಿ, ಒಂದು ಚೀಟಿ. ಚೀಟಿಯಲ್ಲಿ ಅಕ್ಕನದಲ್ಲದ ಅಕ್ಷರದಲ್ಲಿ ‘ಮಂಗಳವಾರ ಐದು ಗಂಟೆ’ ಎಂದಷ್ಟೇ ಇತ್ತು. ಹೆಸರಿಲ್ಲ, ವಿಳಾಸವಿಲ್ಲ. ಹೇಗಿತ್ತೋ ಹಾಗೆಯೇ ಇಟ್ಟು ಬಂದು, ಏನೂ ಗೊತ್ತಿಲ್ಲದವಳ ಹಾಗೆ ಮುಖ ಮಾಡಿಕೊಂಡು ಕೂತೆ.

ಗುರುವಾರ ಸಂಜೆ ನಾವಿಬ್ಬರೂ ಮನೆಗೆ ಬರುವಷ್ಟರಲ್ಲಿ ಅಮ್ಮ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು.

“ಕನ್ನಡಕದ ನಂಬರ್ ನೋಡಿಸೋಕೆ ಕಣ್ಣಾಸ್ಪತ್ರೆಗೆ ಹೋದ್ರೆ, ಕೌಂಟರಲ್ಲಿ ಕೂತಿರೋ ಹುಡುಗಿ ನನ್ನ ಹೊಟ್ಟೆ ನೋಡ್ತಾಳೆ ಕಣ್ರೇ! ‘ಅಮ್ಮಾ, ಹೆರಿಗೆ ಖಾನೆ ಮುಚ್ಚಿಸಿದೀರಂತೆ, ಏನಾದ್ರೂ ವಿಶೇಷಾನಾ, ಕಣ್ಣಿಗೆ ಡ್ರಾಪ್ಸ್ ಹಾಕಬಹುದಾ’ ಅಂತಾಳೆ. ಐವತ್ತೊಂಬತ್ತು ವರ್ಷ ನಂಗೆ! ಪಕ್ಕದಲ್ಲಿದ್ದ ಮುದುಕಪ್ಪ ಎದ್ದು ನಂಗೆ ಕುರ್ಚಿ ಬಿಟ್ಟುಕೊಟ್ಟ!”

ನಾಲ್ಕು ದಿನದ ಮೇಲೆ ಅಕ್ಕ ಮೊದಲ ಸಲ ಮನಸಾರೆ ನಕ್ಕಳು. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನಗಲಿಲ್ಲ. ನನಗೆ ಹಲ್ಲಿನ ಡಾಕ್ಟರು ನೆನಪಾದರು. ಸೋಮವಾರ ಹುಳುಕು ಹಲ್ಲು ತೋರಿಸಲು ಹೋಗಿದ್ದಾಗ ಅವರು ನನ್ನ ಬಾಯಿಯ ಹತ್ತಿರ ಮೂಗು ತಂದು ಮೂಸಿ, ಮೆಲ್ಲಗೆ, “ಈಗ ಬಿಟ್ಟಿದೀರಾ?” ಎಂದು ಕೇಳಿದ್ದರು. ಚಾಕಲೇಟಿನ ಬಗ್ಗೆ ಕೇಳುತ್ತಿದ್ದಾರೆಂದುಕೊಂಡು ನಾನು “ಎಲ್ಲಿ ಬಿಡೋಕಾಗತ್ತೆ ಡಾಕ್ಟ್ರೇ, ದಿನಕ್ಕೆ ಎರಡಾದ್ರೂ ಬೇಕು” ಎಂದಿದ್ದೆ. ಅವರು ತುಂಬ ದುಃಖದಿಂದ ತಲೆಯಾಡಿಸಿದ್ದರು.

ಅಕ್ಕನಿಗೆ ಮನಸ್ಸು, ಅಮ್ಮನಿಗೆ ಹೆರಿಗೆ, ನನಗೆ ಕುಡಿತ. ಈ ಮೂರನ್ನೂ ಒಟ್ಟಿಗೆ ಇಟ್ಟು ನಕ್ಕವರು ಈ ಭೂಮಿಯ ಮೇಲೆ ಒಬ್ಬರೇ ಇದ್ದರು.

“ಅಕ್ಕಾ,” ಎಂದೆ. “ವಿಲನ್ ಸಿಕ್ಕಿದಳು.”

“ಯಾರು?”

“ನಾನು.”

ಹಿಂದಿನ ವಾರ ನಡೆದದ್ದು ಇಷ್ಟು. ನಿಯಮಗಳನ್ನು ಪರೀಕ್ಷಿಸಲು ಸುಳ್ಳು ರೋಗಿಗಳನ್ನು ಸೃಷ್ಟಿಸುವುದು ಆಫೀಸಿನಲ್ಲಿ ನನ್ನ ಪಾಲಿನ ಕೆಲಸ. ಹೆಸರು ಏನು ಬೇಕಾದರೂ ಇಡಬಹುದು. ರೋಗಿ ಸಂಖ್ಯೆ ಮಾತ್ರ ಹಾಗಲ್ಲ. ಹನ್ನೆರಡು ಅಂಕಿ, ಕೊನೆಯ ಅಂಕಿ ಉಳಿದ ಹನ್ನೊಂದಕ್ಕೆ ತಾಳೆಯಾಗಬೇಕು, ಬಾಯಿಗೆ ಬಂದ ಸಂಖ್ಯೆ ಹಾಕಿದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಅದಕ್ಕೆಂದೇ ಪರೀಕ್ಷೆಯ ಸಂಖ್ಯೆಗಳ ಪಟ್ಟಿಯೊಂದಿದೆ. ಆ ಪಟ್ಟಿ ಬೀರುವಿನಲ್ಲಿತ್ತು. ಬೀರು ಆರು ಹೆಜ್ಜೆ ದೂರವಿತ್ತು. ಮನೆಯವರ ಅರ್ಜಿಗಳನ್ನೆಲ್ಲ ತುಂಬುವವಳು ನಾನೇ ಆದ್ದರಿಂದ ಮೂರು ನಿಜವಾದ ಸಂಖ್ಯೆ ನನಗೆ ಬಾಯಿಪಾಠವಿತ್ತು. ಪರೀಕ್ಷೆಯ ಕಡೆ ಬೇರೆ, ನಿಜದ ಕಡೆ ಬೇರೆ, ನಡುವೆ ಗೋಡೆಯಿದೆ, ಯಾರಿಗೆ ಏನು ನಷ್ಟ ಎಂದುಕೊಂಡು ಅವನ್ನೇ ಹಾಕಿದೆ. ಆದರೆ ಅವತ್ತು ಹನ್ನೊಂದರಿಂದ ಹನ್ನೆರಡರವರೆಗೆ ಆಸ್ಪತ್ರೆಗಳ ಜೊತೆ ತಾಲೀಮು ಮಾಡಲು ಆ ಗೋಡೆಯನ್ನು ತೆಗೆದಿದ್ದರು. ಹಾಗೆಂದು ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿದ್ದರು. ಬರೆದಾಗ ನಾನು ಕೆಳಗೆ ಟೀ ಕುಡಿಯುತ್ತಿದ್ದೆ.

ಎಲ್ಲವನ್ನೂ ಅವರಿಬ್ಬರಿಗೂ ಹೇಳಿ ಮುಗಿಸಿದೆ.

“ಅಂದ್ರೆ,” ಎಂದಳು ಅಮ್ಮ, “ಈ ವಯಸ್ಸಲ್ಲಿ ನನ್ನ ಬಸುರಿ ಮಾಡಿದ್ದು ನೀನಾ?”

ಅಕ್ಕನ ಮುಖದಲ್ಲಿ ಈಗ ನಗು ಇರಲಿಲ್ಲ. “ನನ್ನ ಬಸ್ಸು ನಿನಗೆ ಆಟದ ಸಾಮಾನೇನೇ?”

“ಗೊತ್ತಾಗಲಿಲ್ಲ ಅಕ್ಕಾ...”

“ನಿನ್ನೆ ನನ್ನ ಬ್ಯಾಗ್ ಹುಡುಕಿದಾಗ್ಲೂ ಗೊತ್ತಾಗಲಿಲ್ವಾ? ಬಾಚಣಿಗೆ ಯಾವತ್ತೂ ಎಡಗಡೆ ಜೇಬಲ್ಲಿರತ್ತೆ. ನೀನು ಬಲಗಡೆ ಇಟ್ಟಿದ್ದೆ.”

ಅವಳ ಹೆಗಲಿನ ಚೀಲದಿಂದ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ನಾಳೆ ಹೋಗಿ ಸರಿ ಮಾಡಿಸು,” ಎಂದಳು ಅಕ್ಕ. “ಮುಂದಿನ ವಾರದೊಳಗೆ ಆಗದಿದ್ರೆ ನನ್ನ ಶಾಶ್ವತವಾಗಿ ಟಿಕೆಟ್ ಕೌಂಟರ್‌ಗೆ ಹಾಕ್ತಾರಂತೆ. ಗಾಜಿನ ಪೆಟ್ಟಿಗೆಯೊಳಗೆ. ನಾನು ಸತ್ತೇ ಹೋಗ್ತೀನಿ ಕಣೇ.” ಅಕ್ಕ ಎಂದೂ ದೊಡ್ಡ ಮಾತು ಆಡುವವಳಲ್ಲ. ಇದನ್ನೂ ಉಪ್ಪು ಕೊಡು ಎಂದಷ್ಟೇ ಸಲೀಸಾಗಿ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಮೇಡಂ ಬರುವ ಮೊದಲೇ ಅವರ ಕೋಣೆಯ ಹೊರಗೆ ನಿಂತಿದ್ದೆ. ಮೇಡಂ ನಮ್ಮ ಮುಖ್ಯಸ್ಥೆ. ನಲವತ್ತು ಆಸ್ಪತ್ರೆಗಳನ್ನು ಒಂದು ಮೇಜಿನ ಸುತ್ತ ಕೂರಿಸಿ ಜಗಳ ಬಿಡಿಸಿದವರು. ಜೊತೆಗೆ ಫುಲ್‌ಸ್ಟಾಪ್ ಸಾರ್ ಬಂದರು. ನಿಯಮಗಳ ಒಂದೊಂದು ವಾಕ್ಯವನ್ನೂ ಬರೆಯುವವರು ಅವರು. ಬಾಯಲ್ಲಿ ಆಡುವ ವಾಕ್ಯದ ಕೊನೆಗೂ ಬೆರಳಿನಿಂದ ಗಾಳಿಯಲ್ಲಿ ಒಂದು ಚುಕ್ಕೆ ಇಡುವ ಅಭ್ಯಾಸ.

ನಾನು ಹೇಳಿದ್ದನ್ನು ಮೇಡಂ ಮಧ್ಯೆ ಮಾತಾಡದೆ ಕೇಳಿದರು. ಯಾರು ಯಾವಾಗ ಏನು ಒತ್ತಿದರು ಎಂಬುದರ ದಾಖಲೆಯನ್ನು ಕಂಪ್ಯೂಟರಿನಲ್ಲಿ ತೆಗೆದರು. ನನ್ನ ಮೇಜಿನ ಸಂಖ್ಯೆ, ಹನ್ನೊಂದು ಗಂಟೆ ಇಪ್ಪತ್ತು ನಿಮಿಷ, ಅಕ್ಕನ ಹನ್ನೆರಡು ಅಂಕಿ, ಮನಸ್ಸಿನ ಖಾನೆ. ಎಲ್ಲವೂ ಇತ್ತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ನಗುವೇ ಬಂತು.

“ನಿಮ್ಮಕ್ಕನಿಗೆ ವರ್ಷಕ್ಕೊಂದ್ಸಲ ಮೆಡಿಕಲ್ ಚೆಕಪ್ ಇರತ್ತಾ?” ಎಂದರು ಮೇಡಂ.

“ಇರತ್ತೆ ಮೇಡಂ.”

“ಈ ವರ್ಷದ್ದು ಯಾವಾಗ?”

“ಮುಂದಿನ ತಿಂಗಳು.” ಮೇಡಂ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ಏನಿದೆ ಎಂದು ನನಗೆ ತಕ್ಷಣ ಗೊತ್ತಾಯಿತು, ಏಕೆಂದರೆ ಎರಡು ದಿನದಿಂದ ಅದು ನನ್ನ ಕಣ್ಣಿನಲ್ಲಿತ್ತು. ಬಸ್ಸು ಓಡಿಸುವ ಅಕ್ಕ. ಖಾನೆ ಮುಚ್ಚುವ ಕೆಲಸದಲ್ಲಿರುವ ತಂಗಿ. ತಪಾಸಣೆಗೆ ಒಂದು ತಿಂಗಳು ಮುಂಚೆ ಆ ತಂಗಿಯ ಕೈಯಿಂದಲೇ ಆ ಅಕ್ಕನ ಮನಸ್ಸಿನ ಖಾನೆ ಮುಚ್ಚುತ್ತದೆ. ಈ ಕಥೆಯನ್ನು ನನಗೆ ಯಾರಾದರೂ ಹೇಳಿದ್ದರೆ ನಾನೇ ಬೇಡಿ ಹಾಕುತ್ತಿದ್ದೆ.

“ಮೇಡಂ, ಮುಚ್ಚಿಡೋಕೆ ಮಾಡಿದ್ದಲ್ಲ! ನಿಜವಾಗ್ಲೂ ಸೋಮಾರಿತನ ಮೇಡಂ!”

“ದಾಖಲೆಯಲ್ಲಿ ಸೋಮಾರಿತನ ಕಾಣಿಸಲ್ಲ,” ಎಂದರು ಫುಲ್‌ಸ್ಟಾಪ್ ಸಾರ್. ಚುಕ್ಕೆ.

“ಹೆಸರು ನೋಡಿ,” ಎಂದೆ. “ಪರೀಕ್ಷೆಯ ಕಡೆ ನಾನು ಇಟ್ಟ ಹೆಸರು ನೋಡಿ, ಪ್ಲೀಸ್.”

ಸೂಚನೆಯಲ್ಲಿ ಹೆಸರು ಹೋಗುವುದಿಲ್ಲ, ಸಂಖ್ಯೆ ಮಾತ್ರ ಹೋಗುತ್ತದೆ. ರೋಗಿಯ ಗುಟ್ಟು ಕಾಪಾಡಲು ನಾವೇ ಮಾಡಿದ ನಿಯಮ. ಹೆಸರೂ ಹೋಗಿದ್ದರೆ ಡಿಪೋ ಡಾಕ್ಟರು ನಕ್ಕು ಕಸದ ಬುಟ್ಟಿಗೆ ಹಾಕುತ್ತಿದ್ದರು. ಮೇಡಂ ಗಟ್ಟಿಯಾಗಿ ಓದಿದರು. “ರೋಗಿ: ಖಳನಾಯಕಿ. ತಂದೆ: ಫ್ಲ್ಯಾಶ್‌ಬ್ಯಾಕಲ್ಲಿ ತೀರಿಕೊಂಡವರು. ವಿಳಾಸ: ಗುಹೆ.” ಮುಂದಿನದಕ್ಕೆ ಹೋದರು. “ರೋಗಿ: ಹೀರೋನ ತಾಯಿ. ವಯಸ್ಸು: ಹೀರೋಗಿಂತ ಎರಡು ವರ್ಷ ದೊಡ್ಡವಳು.” ಮೂರನೆಯದನ್ನು ಓದದೆ ಕನ್ನಡಕ ತೆಗೆದು ಮೂಗಿನ ಮೇಲ್ಭಾಗ ಒತ್ತಿಕೊಂಡರು. ಭುಜ ಅಲುಗಾಡುತ್ತಿತ್ತು. ಅಳುವೋ ನಗುವೋ ಕೇಳುವ ಧೈರ್ಯವಾಗಲಿಲ್ಲ.

“ನಂಬಿದೆ,” ಎಂದರು ಕೊನೆಗೆ. “ಇಷ್ಟು ಚೆನ್ನಾಗಿ ಯಾರೂ ಸುಳ್ಳು ಪ್ಲಾನ್ ಮಾಡಲ್ಲ. ಸಾರ್, ಡಿಪೋಗೆ ಈಗಲೇ ಕಳಿಸಿ, ಇದು ತಪ್ಪಾಗಿ ಹೋದ ಸೂಚನೆ ಅಂತ.”

ಫುಲ್‌ಸ್ಟಾಪ್ ಸಾರ್ ಅಲುಗಾಡಲಿಲ್ಲ. “ಅದಕ್ಕೆ ಸಂಕೇತ ಇಲ್ಲ ಮೇಡಂ.”

“ಅಂದ್ರೆ?”

“ನಲವತ್ಮೂರು ಸಂಕೇತ ಇದಾವೆ. ಒಪ್ಪಿದೆ, ಒಪ್ಪಿಲ್ಲ, ಮುಚ್ಚಿದೆ, ಮತ್ತೆ ತೆಗೆದಿದೆ, ಅವಧಿ ಮುಗೀತು... ತಪ್ಪಾಯ್ತು ಅನ್ನೋದಕ್ಕೆ ಒಂದೂ ಇಲ್ಲ. ‘ಮತ್ತೆ ತೆಗೆದಿದೆ’ ಕಳಿಸಬಹುದು. ಆದ್ರೆ ಅದು ಹೋದ್ರೆ, ಈ ಹೆಂಗಸು ಒಂದು ವಾರ ಮುಚ್ಚಿ, ಒಳಗಿರೋದನ್ನ ಖಾಲಿ ಮಾಡಿ, ಆಮೇಲೆ ತೆಗೆದಳು ಅಂತ ಡಾಕ್ಟ್ರು ಓದ್ಕೋತಾರೆ.”

“ಖಾಲಿ ಅಂತ ನಾವೇ ಹೇಳಿಬಿಡೋಣ,” ಎಂದೆ.

ಇಬ್ಬರೂ ನನ್ನತ್ತ ತಿರುಗಿದರು. ಮುಚ್ಚಿದ ಖಾನೆಯಲ್ಲಿ ಏನಿದೆ ಎಂಬುದಿರಲಿ, ಏನಾದರೂ ಇದೆಯೋ ಇಲ್ಲವೋ ಎಂಬುದನ್ನೂ ಯಾರಿಗೂ, ನಾವೂ ಸೇರಿದಂತೆ, ತೋರಿಸಬಾರದು ಎಂಬ ನಿಯಮವಿದೆ. ಕಳೆದ ವರ್ಷ ಅದನ್ನು ಸೇರಿಸಬೇಕೆಂದು ಮೇಜು ಗುದ್ದಿ ಹಟ ಹಿಡಿದವಳು ನಾನು. ‘ಖಾಲಿ ಖಾನೆಗೂ ತುಂಬಿದ ಖಾನೆಗೂ ಒಂದೇ ಬೀಗ ಹಾಕಿ, ಆಗ ಯಾವನೂ ಬೀಗ ನೋಡಿ ಗುಟ್ಟು ಅಳೆಯಲ್ಲ’ ಎಂದು ಸಭೆಯಲ್ಲಿ ಎದ್ದು ನಿಂತು ಡೈಲಾಗ್ ಹೊಡೆದಿದ್ದೆ. ನಲವತ್ತು ಆಸ್ಪತ್ರೆಯವರು ಚಪ್ಪಾಳೆ ತಟ್ಟಿದ್ದರು.

ಕೊನೆಗೆ ಇಷ್ಟೆಲ್ಲ ಕಂಪ್ಯೂಟರುಗಳ ನಡುವೆ ಮೇಡಂ ಒಂದು ಕಾಗದ ತೆಗೆದುಕೊಂಡು ಕೈಯಲ್ಲೇ ಪತ್ರ ಬರೆದರು. ದಾಖಲೆಯ ಪ್ರತಿ ಲಗತ್ತಿಸಿದರು. “ನೀನೇ ಹೋಗಿ ಕೊಡು. ಬಂದ ಮೇಲೆ ನಿನ್ನ ಪರೀಕ್ಷೆಯ ಮೇಜು ಬೇರೆಯವರಿಗೆ,” ಎಂದರು. ಅದು ಶಿಕ್ಷೆಯ ಮೊದಲ ಕಂತು ಎಂದು ನನಗೆ ಅರ್ಥವಾಯಿತು.

ಡಿಪೋ ಡಾಕ್ಟರ ಕೋಣೆ ಟೈರುಗಳ ಉಗ್ರಾಣದ ಪಕ್ಕದಲ್ಲಿತ್ತು. ಒಳಗೆಲ್ಲ ರಬ್ಬರಿನ ವಾಸನೆ. ಗೋಡೆಯ ಮೇಲೆ ಕಣ್ಣಿನ ಪರೀಕ್ಷೆಯ ಅಕ್ಷರಗಳ ಹಾಳೆ, ಮೂಲೆಯಲ್ಲಿ ತೂಕದ ಯಂತ್ರ. ಹೊರಗಿನ ಬೆಂಚಿನ ಮೇಲೆ ಹಾರ್ನ್ ಅಣ್ಣ ಕೂತಿದ್ದ. ಕೈಯಲ್ಲಿ ಒಂದು ಫಾರಂ. ಅದನ್ನು ಎಂಟು ಮಡಿಕೆ ಮಾಡಿ, ಬಿಡಿಸಿ, ಮತ್ತೆ ಮಡಿಚುತ್ತಿದ್ದ. ಬಲಗಾಲು ಬ್ರೇಕಿನ ಮೇಲಿದ್ದ ಹಾಗೆ ನೆಲವನ್ನು ಒತ್ತುತ್ತಲೇ ಇತ್ತು. ನನ್ನನ್ನೂ ಜೊತೆಗೆ ಬಂದಿದ್ದ ಅಕ್ಕನನ್ನೂ ನೋಡಿ ನಕ್ಕ. ಆ ನಗು ಈಗ ನನಗೆ ವಿಲನ್‌ನದಾಗಿ ಕಾಣಲಿಲ್ಲ. ಏನಾಗಿ ಕಂಡಿತೆಂದು ಹೇಳಲೂ ಬರಲಿಲ್ಲ.

ಡಾಕ್ಟರು ಪತ್ರವನ್ನು ಎರಡು ಸಲ ಓದಿದರು. ದಾಖಲೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಸರಿ. ತಂಗಿ ತಪ್ಪಾಗಿ ಮುಚ್ಚಿದಳು ಅಂತ ತಂಗಿಯ ಆಫೀಸಿನವರೇ ಹೇಳ್ತಿದಾರೆ.” ಕಾಗದವನ್ನು ಮೇಜಿನ ಮೇಲಿಟ್ಟರು. “ನೋಡಮ್ಮ, ನಾನು ಕೆಟ್ಟವನಲ್ಲ. ಎರಡು ವರ್ಷದ ಹಿಂದೆ ಒಬ್ಬ ‘ಆರಾಮಾಗಿದೀನಿ ಸಾರ್’ ಅಂದ. ನಂಬಿದೆ. ಮೂರನೇ ದಿನ ಬಸ್ಸು ಔಷಧಿ ಅಂಗಡಿಯೊಳಗೆ ನಿಂತಿತ್ತು. ಪುಣ್ಯಕ್ಕೆ ಅಂಗಡೀಲಿ ಯಾರೂ ಇರಲಿಲ್ಲ. ಅದಕ್ಕೇ ಸುಲಭದ ದಾರಿ ಹೇಳ್ತೀನಿ. ಫೋನ್ ತೆಗಿ, ಖಾನೆ ಓಪನ್ ಮಾಡು, ನಂಗೊಂದ್ಸಲ ತೋರಿಸು. ಖಾಲಿ ಇದ್ರೆ ಈ ಕ್ಷಣಾನೇ ಬಸ್ಸಿನ ಕೀ.”

ನನ್ನ ಎದೆಯಿಂದ ಒಂದು ಲಾರಿ ಇಳಿದು ಹೋಯಿತು. ಇಷ್ಟೇನಾ! ಎರಡು ಸಲ ಬೆರಳು ಒತ್ತಿದರೆ ಮುಗಿಯಿತು! ನಾನು ಅಕ್ಕನ ಫೋನಿಗೆ ಕೈ ಚಾಚಿದೆ.

“ಬೇಡ,” ಎಂದಳು ಅಕ್ಕ.

“ಬೇಡ ಅಂದ್ರೆ?” ಎಂದರು ಡಾಕ್ಟರು.

“ತೆಗೆಯಲ್ಲ ಸಾರ್.”

ಉಗ್ರಾಣದಲ್ಲಿ ಯಾರೋ ಟೈರು ಉರುಳಿಸುತ್ತಿದ್ದ ಸದ್ದು ನಿಧಾನವಾಗಿ ದೂರವಾಯಿತು. ನನ್ನೊಳಗೆ, ಎಲ್ಲ ಗೊತ್ತಿದ್ದ ನನ್ನೊಳಗೇ, ಆ ಖಾನೆಯನ್ನು ಮುಚ್ಚಿದ ನನ್ನೊಳಗೇ, ಹಳೆಯ ಅನುಮಾನ ಎದ್ದು ಕೂತಿತು. ಹಾಗಾದರೆ ಒಳಗೆ ಏನೋ ಇದೆ.

“ಏನೂ ಇಲ್ಲಾಂದ್ರೆ ತೆಗೆಯೋಕೇನಮ್ಮಾ?”

“ಏನೂ ಇಲ್ಲ ಅಂತ ನಾನು ಹೇಳಿಲ್ಲ ಸಾರ್. ಇದೆ ಅಂತಾನೂ ಹೇಳಿಲ್ಲ.”

“ಅಕ್ಕಾ, ತೆಗಿಯೇ!” ನನಗೆ ತಡೆಯಲಾಗಲಿಲ್ಲ. “ಟಿಕೆಟ್ ಕೌಂಟರ್ ಬೇಕಾ ನಿಂಗೆ?”

“ನೀನು ಸುಮ್ನಿರು. ಮುಚ್ಚುವಾಗ ನನ್ನ ಕೇಳಲಿಲ್ಲ, ತೆಗೆಯೋಕೆ ನಂಗೆ ಹೇಳ್ಕೊಡ್ತೀಯಾ?”

ಅವಳು ಡಾಕ್ಟರತ್ತ ತಿರುಗಿದಳು. ತೆರೆದ ಬಾಗಿಲಿನಾಚೆ ಹಾರ್ನ್ ಅಣ್ಣನ ಮಂಡಿ, ಅದರ ಮೇಲೆ ಮಡಿಕೆ ಬಿದ್ದ ಫಾರಂ ಕಾಣುತ್ತಿತ್ತು. ಮಂಡಿ ಅಲುಗಾಡುವುದು ನಿಂತಿತ್ತು.

“ಸಾರ್, ಹೊರಗಡೆ ಅವನ ಕೈಯಲ್ಲಿರೋದು ಏನು?”

ಡಾಕ್ಟರು ಬಾಗಿಲಿನತ್ತ ನೋಡಿದರು. “ನಿನ್ನ ಕೇಸ್ ಬಂದ್ಮೇಲೆ ಎಲ್ಲರ ಹತ್ರಾನೂ ಕೇಳ್ತಿದೀನಿ. ಯಾವ ಖಾನೇನೂ ಮುಚ್ಚಿಲ್ಲ, ಬೇಕಾದ್ರೆ ತೆಗೆದು ತೋರಿಸ್ತೀನಿ ಅಂತ ಒಂದು ಸಹಿ.”

“ಅದೇ. ನಾನು ಇವತ್ತು ತೆಗೆದು ತೋರಿಸಿದ್ರೆ, ನಾಳೆ ತೋರಿಸದೇ ಇರೋರು ಕಳ್ಳರಾಗ್ತಾರೆ. ಯಾರ್ಯಾರಿಗೆ ಏನೇನಿದೆಯೋ ನಂಗೊತ್ತಿಲ್ಲ. ಹೆಂಡ್ತಿ ತೀರ್ಕೊಂಡಾಗ ಯಾರೋ ಡಾಕ್ಟರ ಹತ್ರ ಹೋಗಿ ಅತ್ತಿರಬಹುದು. ಹುಷಾರಾಗಿ ಹತ್ತು ವರ್ಷ ಆಗಿರಬಹುದು. ನಿಮಗೆ ಬೇಕಿರೋದು ನಾನು ಬಸ್ಸು ನೆಟ್ಟಗೆ ಓಡಿಸ್ತೀನಾ ಅಂತ ತಾನೇ? ಕಣ್ಣು ನೋಡಿ. ಕೈ ನಡುಗತ್ತಾ ನೋಡಿ. ಎಷ್ಟು ಪ್ರಶ್ನೆ ಬೇಕಾದ್ರೂ ಕೇಳಿ, ಇವತ್ತಿನ ನಿದ್ದೆ, ಇವತ್ತಿನ ತಲೆ, ಎಲ್ಲಾ ಹೇಳ್ತೀನಿ. ಪಕ್ಕದಲ್ಲಿ ಕೂತ್ಕೊಂಡು ಮಾರ್ಕೆಟ್ ರಸ್ತೇಲಿ ಓಡಿಸು ಅನ್ನಿ, ಓಡಿಸ್ತೀನಿ. ಆ ಖಾನೆ ಮಾತ್ರ ನಂದು.”

“ಅದಕ್ಕೆಲ್ಲ ನಂಗೆ ಮೂರ್ನಾಲ್ಕು ದಿನ ಬೇಕು.”

“ಬೆಂಚು ಅಭ್ಯಾಸ ಆಗಿದೆ ಸಾರ್.”

“ಫೇಲಾದ್ರೆ?”

“ಫೇಲಾದ್ರೆ ಕೌಂಟರಲ್ಲಿ ಕೂರ್ತೀನಿ. ನೀವು ನೋಡಿ ಕೂರಿಸಿದ್ರೆ ಕೂರ್ತೀನಿ. ಬರೀ ಅನುಮಾನಕ್ಕೆ ಕೂರಲ್ಲ.”

ಡಾಕ್ಟರು ಪೆನ್ನಿನ ಮುಚ್ಚಳವನ್ನು ಎರಡು ಸಲ ಹಾಕಿ ತೆಗೆದರು. ಮೇಜಿನ ಮೇಲಿದ್ದ ಫಾರಂಗಳ ಕಟ್ಟನ್ನು ಸ್ವಲ್ಪ ಹೊತ್ತು ನೋಡಿ, ಬೋರಲು ಹಾಕಿದರು. ಆಮೇಲೆ ಅಕ್ಕನಿಗೆ, “ಚಪ್ಪಲಿ ಬಿಚ್ಚಿ ಆ ಗೆರೆ ಮೇಲೆ ನಿಂತ್ಕೊ. ಎಡಗಣ್ಣು ಮುಚ್ಚು,” ಎಂದರು.

ನನ್ನನ್ನು ಹೊರಗೆ ಕಳಿಸಿದರು. ಬೆಂಚಿನ ಮೇಲೆ ಹಾರ್ನ್ ಅಣ್ಣನ ಪಕ್ಕ ಕೂತೆ. ಅವನು ನನ್ನನ್ನು ನೋಡಲಿಲ್ಲ, ನಾನು ಅವನನ್ನು ನೋಡಲಿಲ್ಲ. ಒಂದು ಗಂಟೆಯ ಮೇಲೆ ಅಕ್ಕ ಹೊರಬಂದಾಗ ಅವನು ಎದ್ದು ನಿಂತ. ಏನೋ ಹೇಳಲು ಬಾಯಿ ತೆರೆದ.

“ಏನೂ ಹೇಳಬೇಡ,” ಎಂದಳು ಅಕ್ಕ. “ಕ್ಲಚ್ ಮಾತ್ರ ಪೂರ್ತಿ ಒತ್ತು ಮಾರಾಯ. ನನ್ನ ಬಸ್ಸಿನ ಹಲ್ಲೆಲ್ಲಾ ಉದುರಿಸ್ತಿದೀಯ.”

ಡಾಕ್ಟರು ಬಿಡುವ ಪೈಕಿಯಲ್ಲ. ಶನಿವಾರ ರಕ್ತ ತೆಗೆದರು, ಭಾನುವಾರವೂ ಬಿಡದೆ ಪ್ರಶ್ನೆಗಳ ಪಟ್ಟಿ ಹಿಡಿದು ಕೂತರು, ಸೋಮವಾರ ಖಾಲಿ ಬಸ್ಸಿನಲ್ಲಿ ಅಕ್ಕನ ಪಕ್ಕ ಕೂತು ಊರಿನ ಅತಿ ಇಕ್ಕಟ್ಟಾದ ರಸ್ತೆಗಳನ್ನೆಲ್ಲ ಸುತ್ತಿಸಿದರು. ಒಂದು ಕಡೆ ಹಠಾತ್ತನೆ ಕಿವಿಯ ಹತ್ತಿರ ಕಿರುಚಿ ನೋಡಿದರಂತೆ. ಅಕ್ಕ ಬ್ರೇಕು ಒತ್ತಲಿಲ್ಲವಂತೆ, “ಸಾರ್, ಪ್ಯಾಸೆಂಜರ್ ಗಲಾಟೆ ಮಾಡಿದ್ರೆ ಮುಂದಿನ ಸ್ಟಾಪಲ್ಲಿ ಇಳಿಸ್ತೀವಿ” ಎಂದಳಂತೆ. ಮಂಗಳವಾರ ಅವರು ಬರೆದುಕೊಟ್ಟ ಕಾಗದದಲ್ಲಿ ‘ವಾಹನ ಚಾಲನೆಗೆ ಯೋಗ್ಯರು’ ಎಂದಿತ್ತು. ಅದರ ಕೆಳಗೆ, ಯಾರೂ ಕೇಳದಿದ್ದರೂ, ‘ಮುಚ್ಚಿದ ಖಾನೆಯನ್ನು ತೆರೆಸಿ ನೋಡಿರುವುದಿಲ್ಲ’ ಎಂದು ಸೇರಿಸಿದ್ದರು.

ಆಫೀಸಿನಲ್ಲಿ ನನ್ನನ್ನು ಫುಲ್‌ಸ್ಟಾಪ್ ಸಾರ್ ಪಕ್ಕದ ಕುರ್ಚಿಗೆ ಹಾಕಿದ್ದಾರೆ. ನಲವತ್ನಾಲ್ಕನೆಯ ಸಂಕೇತಕ್ಕೆ ವಿವರಣೆ ಬರೆಯುವುದು ಈಗ ನನ್ನ ಕೆಲಸ. ‘ಹಿಂದಿನ ಸೂಚನೆ ತಪ್ಪಾಗಿ ಹೋಗಿದೆ. ರೋಗಿಗೂ ಅದಕ್ಕೂ ಸಂಬಂಧವಿಲ್ಲ.’ ಹನ್ನೊಂದು ಸಲ ಬರೆದೆ, ಹನ್ನೊಂದು ಸಲವೂ ಸಾರ್ ಹೊಡೆದುಹಾಕಿದರು. ಸೂಚನೆಯಲ್ಲಿ ಖಾನೆಯ ಹೆಸರನ್ನೇ ಹೇಳಬಾರದು ಎಂಬ ಇನ್ನೊಂದು ಪ್ರಸ್ತಾಪವೂ ನಲವತ್ತು ಆಸ್ಪತ್ರೆಗಳಿಗೆ ಹೋಗಿದೆ. ಹತ್ತೊಂಬತ್ತು ಆಸ್ಪತ್ರೆಗಳು ಈಗಾಗಲೇ ವಿರೋಧಿಸಿವೆ. ಇನ್ನೂ ಜಗಳವಿದೆ.

ಬುಧವಾರ ಬೆಳಿಗ್ಗೆ ಹದಿನಾಲ್ಕನೇ ನಂಬರಿಗಾಗಿ ಕಾದು ನಿಂತೆ. ಬಸ್ಸು ಬಂತು. ಅಕ್ಕ ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು, ಬೆನ್ನು ಸೀಟಿಗೆ ಅಂಟಿಕೊಂಡ ಹಾಗೆ. ಇಡೀ ಬಸ್ಸನ್ನೇ ಮೈಮೇಲೆ ಹೊದ್ದುಕೊಂಡವಳಂತೆ ಕಾಣುತ್ತಿದ್ದಳು. ನಾನು ಹತ್ತಿ ಅವಳ ಹಿಂದಿನ ಕಂಬಿಗೆ ಒರಗಿದೆ. ಎರಡು ನಿಲ್ದಾಣ ಸುಮ್ಮನಿದ್ದೆ. ಅದೇ ನನ್ನ ಮಟ್ಟಿಗೆ ದೊಡ್ಡ ತಪಸ್ಸು.

“ಅಕ್ಕಾ, ಸಾರಿ. ನೂರು ಸಲ ಸಾರಿ.”

“ಹ್ಞೂಂ.”

“ಒಂದೇ ಒಂದು ಪ್ರಶ್ನೆ ಅಕ್ಕಾ. ಯಾರಿಗೂ ಹೇಳಲ್ಲ. ಅಮ್ಮಂಗೂ ಹೇಳಲ್ಲ. ನಿಜವಾಗ್ಲೂ ಅದು ಖಾಲಿನಾ?”

ಅಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಕೋಪವಿರಲಿಲ್ಲ, ನಗುವೂ ಇರಲಿಲ್ಲ. ಎಡಗೈ ಎತ್ತಿ ತನ್ನ ತಲೆಯ ಮೇಲಿನ ಹಲಗೆಯನ್ನು ತೋರಿಸಿದಳು. ‘ಚಾಲಕರೊಂದಿಗೆ ಮಾತನಾಡಬಾರದು.’

“ಓದೋಕೆ ಬರತ್ತಲ್ಲ? ಹಿಂದೆ ಸೀಟ್ ಖಾಲಿ ಇದೆ, ಹೋಗಿ ಕೂತ್ಕೊ.”

ಮಂಗಳವಾರಗಳ ಬಗ್ಗೆ ಕೇಳಬೇಕೆಂದಿದ್ದ ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡು, ಜನರ ಮಧ್ಯೆ ದಾರಿ ಮಾಡಿಕೊಂಡು, ಹಿಂದೆ ಹೋಗಿ ಕೂತೆ.